ಸಿಂಟರ್ಡ್ ಬೇಕಾ, ಬೇಡವಾ: ಪುಣೆಯ ಒಂದು ಬೈಕಿನ ಬ್ರೇಕ್ ಪ್ಯಾಡ್ ಪ್ರಕರಣ

ಬೈಕು 160 ಸಿಸಿ, 2019ರ ಮಾಡೆಲ್. ಮುಂದೆಯೂ ಡಿಸ್ಕ್, ಹಿಂದೆಯೂ ಡಿಸ್ಕ್. ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಮಾತ್ರ ಮುಂದಿನ ಚಕ್ರಕ್ಕಷ್ಟೇ. ಮೀಟರು ಮೂವತ್ತೆರಡು ಸಾವಿರ ಕಿಲೋಮೀಟರ್ ದಾಟಿದೆ. ಕಂಪನಿಯ ಹೆಸರು ಬೇಡ, ಯಾಕಂದ್ರೆ ಮುಂದೆ ಹೇಳುವ ಯಾವ ತೊಂದರೆಯೂ ಬೈಕಿನ ಹುಟ್ಟುಗುಣ ಅಲ್ಲ.

ಓಡಿಸುವವನು ಜಮಖಂಡಿ ಕಡೆಯ ಹುಡುಗ, ನನಗೆ ಸಂಬಂಧದಲ್ಲಿ ತಮ್ಮ ಆಗಬೇಕು. ಮನೆ ಧಾಯರಿಯಲ್ಲಿ, ಕೆಲಸ ಭೋಸರಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ. ಅಂದರೆ ದಿನಾ ಬೆಳಿಗ್ಗೆ ಸಂಜೆ ಬೈಪಾಸ್ ಹಿಡಿದು ಪುಣೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಟ. ಭಾನುವಾರ ಸಿಕ್ಕರೆ ಗೆಳೆಯರ ಜೊತೆ ಸಿಂಹಗಡದ ಬೆಟ್ಟದ ಕೋಟೆಗೆ. ಅಲ್ಲಿ ಮೇಲೆ ಪಿಠಲಾ ಭಾಕ್ರಿ ಮಾರುತ್ತಾರೆ, ನಮ್ಮ ಕಡೆಯವರಿಗೆ ಅದು ಜುಣಕ ರೊಟ್ಟಿ ನೆನಪಿಸುತ್ತದೆ, ಹಾಗಾಗಿ ಹೋಗೋದು ಬಿಡೋದಿಲ್ಲ. ವರ್ಷಕ್ಕೆ ಎರಡು ಮೂರು ಸಲ ಊರಿಗೆ: ಸಾತಾರಾ, ಕರಾಡ, ಸಾಂಗಲಿ, ಮೀರಜ್, ಅಥಣಿ, ಜಮಖಂಡಿ. ಕಬ್ಬಿನ ಹಂಗಾಮಿನಲ್ಲಿ ಅಥಣಿ ಆಚೆ ರಾತ್ರಿ ಹೋದವರಿಗೆ ಗೊತ್ತು, ಹಿಂದೆ ಒಂದೂ ಲೈಟ್ ಇಲ್ಲದ ಟ್ರೇಲರ್‌ಗಳು ಮುಂದೆ ದಿಢೀರನೆ ಸಿಕ್ಕಾಗ ಬ್ರೇಕ್ ಅಂದ್ರೆ ಏನು ಅಂತ.

ಅವನ ದೂರು ಹೀಗಿತ್ತು: "ಅಣ್ಣಾ, ಮುಂದಿನ ಬ್ರೇಕ್ ಹಿಡೀವಲ್ದು. ಲಿವರ್ ಗಟ್ಟಿ ಐತಿ, ಗಾಡಿ ಮಾತ್ರ ನಿಂದರವಲ್ದು. ಮತ್ತ ಸಿಗ್ನಲ್‌ನ್ಯಾಗ ಎಲ್ಲಾರೂ ತಿರುಗಿ ನೋಡೂ ಹಂಗ ಕಿರುಚತೈತಿ." ಪರಿಹಾರವನ್ನೂ ಅವನೇ ತಂದಿದ್ದ. ಸಿಂಟರ್ಡ್ ಪ್ಯಾಡ್, ಅಂದರೆ ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ್ದು, ಹಾಕಿಸಬೇಕು. ರೇಸ್ ಗಾಡಿಗಳಲ್ಲಿ ಅದೇ ಇರುತ್ತದೆ, ಮಳೆಯಲ್ಲೂ ಹಿಡಿಯುತ್ತದೆ, ಬಾಳಿಕೆಯೂ ಜಾಸ್ತಿ ಅಂತ ಯಾರೋ ವಿಡಿಯೋದಲ್ಲಿ ಹೇಳಿದ್ದಾರೆ. ನನ್ನ ಹತ್ತಿರ ಅವನಿಗೆ ಬೇಕಾಗಿದ್ದು ಒಂದೇ, ಯಾವ ಕಂಪನಿಯದ್ದು ತಗೋಬೇಕು ಅನ್ನೋದು.

ವಿಡಿಯೋದವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಗಾಡಿಗೆ ಯಾವ ಪ್ಯಾಡ್ ಅನ್ನೋದನ್ನ ವಿಡಿಯೋ ಹೇಳೋದಕ್ಕೆ ಆಗೋದಿಲ್ಲ. ಅದನ್ನ ಹೇಳಬಲ್ಲದ್ದು ಈಗ ಒಳಗೆ ಕೂತಿರುವ ಸವೆದ ಪ್ಯಾಡು. ಅದು ಎಲ್ಲಿ ಸವೆದಿದೆ, ಎಷ್ಟು, ಮೇಲ್ಮೈ ಹೇಗಿದೆ, ಇಷ್ಟು ನೋಡದೆ ಹೊಸದಕ್ಕೆ ದುಡ್ಡು ಕೊಡುವುದರಲ್ಲಿ ಅರ್ಥ ಇಲ್ಲ. ಬಹಳಷ್ಟು ಗ್ಯಾರೇಜುಗಳಲ್ಲಿ ಆಗೋದು ಉಲ್ಟಾ. ಹಳೆಯದನ್ನ ತೆಗೆದು ಡಬ್ಬಕ್ಕೆ ಎಸೀತಾರೆ, ಹೊಸದನ್ನ ತುರುಕಿ, ಲಿವರ್ ನಾಲ್ಕು ಸಲ ಒತ್ತಿ, "ಜಾಲಾ" (ಆಯ್ತು) ಅಂತಾರೆ.

ಬಿಚ್ಚಿದಾಗ ಕಂಡಿದ್ದು

ನರ್ಹೆಯಲ್ಲಿ ಪರಿಚಯದ ಮಿಸ್ತ್ರಿಯ ಗ್ಯಾರೇಜಿದೆ. ಮಾತು ಕಮ್ಮಿ, ಕೈ ಚೊಕ್ಕ. ಫೋರ್ಕಿಗೆ ಕಚ್ಚಿದ ಎರಡು ಬೋಲ್ಟ್ ಬಿಚ್ಚಿ ಕ್ಯಾಲಿಪರ್ (ಪ್ಯಾಡುಗಳನ್ನು ಒಳಗಿಟ್ಟುಕೊಂಡು ಡಿಸ್ಕನ್ನು ಹಿಡಿಯುವ ಭಾಗ) ಹೊರಗೆ ಎಳೆದರು. ಪ್ಯಾಡ್ ಪಿನ್ ತೆಗೆದು ಎರಡೂ ಪ್ಯಾಡುಗಳನ್ನು ಬೆಂಚಿನ ಮೇಲೆ ಪಕ್ಕಪಕ್ಕ ಇಟ್ಟೆವು. ನನ್ನ ಕೆಲಸ ಟೂಲ್‌ರೂಮಿನಲ್ಲಿ, ಹಾಗಾಗಿ ದಪ್ಪ ಅಳೆಯುವ ವರ್ನಿಯರ್ ಚೀಲದಲ್ಲೇ ಇರುತ್ತದೆ.

ಪಿಸ್ಟನ್ ಕಡೆಯ ಪ್ಯಾಡಿನಲ್ಲಿ ಮಸಾಲೆ ಉಳಿದಿದ್ದು 1.1 ಮಿ.ಮೀ. ಹೊರಗಿನ ಪ್ಯಾಡಿನಲ್ಲಿ 2.9. (ಸ್ಟೀಲ್ ಪ್ಲೇಟಿನ ಮೇಲೆ ಅಂಟಿಸಿರುವ, ಡಿಸ್ಕಿಗೆ ಉಜ್ಜುವ ಭಾಗಕ್ಕೆ ಗ್ಯಾರೇಜಿನವರು ಮಸಾಲೆ ಅಂತಲೇ ಅನ್ನೋದು. ನಾನೂ ಹಾಗೇ ಅನ್ನುತ್ತೇನೆ.) ಪಿಸ್ಟನ್ ಕಡೆಯದರಲ್ಲಿ ಸವಕಳಿ ತೋರಿಸುವ ಗೀರು ಪೂರ್ತಿ ಮಾಯ. ಹೊರಗಿನದರಲ್ಲಿ ಚೆನ್ನಾಗೇ ಕಾಣುತ್ತಿತ್ತು.

ಒಂದೇ ದಿನ ಹಾಕಿದ ಜೋಡಿ, ಒಂದೇ ಡಿಸ್ಕು. ಹಾಗಿದ್ದ ಮೇಲೆ ಈ ವ್ಯತ್ಯಾಸ ಯಾಕೆ?

ಇಂಥ ಬೈಕುಗಳಲ್ಲಿ ಪಿಸ್ಟನ್ ಇರೋದು ಒಂದೇ ಬದಿಗೆ. ಲಿವರ್ ಒತ್ತಿದಾಗ ಪಿಸ್ಟನ್ ತನ್ನ ಕಡೆಯ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಅದು ಒತ್ತಿ ನಿಂತ ಮೇಲೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ, ಆಚೆ ಬದಿಯ ಪ್ಯಾಡನ್ನು ಎಳೆದು ತರುತ್ತದೆ. ಆ ಜಾರಾಟ ನಿಂತರೆ ಒಂದೇ ಪ್ಯಾಡು ದುಡಿಯುತ್ತದೆ, ಇನ್ನೊಂದು ಮುಟ್ಟಿದ ಶಾಸ್ತ್ರ ಮಾಡುತ್ತದೆ. ಲಿವರ್ ಬಿಟ್ಟ ಮೇಲೂ ಕ್ಯಾಲಿಪರ್ ಪೂರ್ತಿ ಹಿಂದೆ ಸರಿಯೋದಿಲ್ಲ, ಹಾಗಾಗಿ ಪ್ಯಾಡು ಡಿಸ್ಕಿಗೆ ಸವರಿಕೊಂಡೇ ಇರುತ್ತದೆ.

ಪಿನ್ನುಗಳನ್ನು ನೋಡಿದರೆ ಎಲ್ಲ ತಿಳಿಯಿತು. ಒಂದು ಬೆರಳಲ್ಲೇ ಜಾರುತ್ತಿತ್ತು. ಇನ್ನೊಂದನ್ನು ಪಕ್ಕಡಿನಲ್ಲಿ ಹಿಡಿದು ತಿರುಚಿ ತಿರುಚಿ ಹೊರಗೆ ತೆಗೆಯಬೇಕಾಯಿತು. ಅದರ ರಬ್ಬರ್ ಟೋಪಿ ಒಂದು ಕಡೆ ಹರಿದಿತ್ತು. ನೀರು ಒಳಗೆ ಹೋಗಿ ಪಿನ್ ಅರ್ಧ ಉದ್ದಕ್ಕೆ ಕಂದು ತುಕ್ಕು ಹಿಡಿದಿತ್ತು. ತುಕ್ಕಿಲ್ಲದ ಜಾಗದಲ್ಲಿ ಹಳದಿ ಗ್ರೀಸ್ ಮೇಣ ಕಟ್ಟಿತ್ತು. ಹಿಂದೆ ಪ್ಯಾಡ್ ಬದಲಿಸಿದವರು ಚೈನ್‌ಗೋ ಬೇರಿಂಗಿಗೋ ಹಾಕುವ ಸಾದಾ ಗ್ರೀಸ್ ಸವರಿದ್ದಾರೆ. ಪೆಟ್ರೋಲಿಯಂ ಗ್ರೀಸ್ ತಾಗಿದರೆ ಈ ರಬ್ಬರು ಉಬ್ಬುತ್ತದೆ, ಆಮೇಲೆ ಹರಿಯುತ್ತದೆ. ಇಲ್ಲಿ ಸಿಲಿಕೋನ್ ಗ್ರೀಸ್ ಅಥವಾ ಬ್ರೇಕಿಗೆ ಅಂತಲೇ ಬರುವ ಗ್ರೀಸ್ ಬೇಕು.

ಇದರಿಂದ ಒಂದು ವಿಷಯ ಖಾತ್ರಿಯಾಯಿತು. ಸಾವಿರಗಟ್ಟಲೆ ರೂಪಾಯಿಯ ಪ್ಯಾಡ್ ತಂದು ಹಾಕಿದ್ದರೂ ಈ ಪಿನ್ ಅದನ್ನೂ ಹೀಗೇ ತಿಂದು ಹಾಕುತ್ತಿತ್ತು.

ಎರಡನೆಯದು ಪ್ಯಾಡಿನ ಮೇಲ್ಮೈ. ಮಸಾಲೆ ಮಂಕಾಗಿ, ಸ್ವಲ್ಪ ಒರಟಾಗಿ ಇರಬೇಕು. ಇದು ಕರ್ರಗೆ ಮಿಂಚುತ್ತಿತ್ತು. ಉಗುರು ಇಟ್ಟರೆ ಜಾರುತ್ತಿತ್ತು. ಇದಕ್ಕೆ ಗ್ಲೇಜ್ ಆಗೋದು ಅಂತಾರೆ. ಮಸಾಲೆಯನ್ನು ಹಿಡಿದಿಡುವ ರಾಳ ಬಿಸಿ ಮಿತಿ ಮೀರಿದಾಗ ಬೆಂದು ಮೇಲೆ ಗಾಜಿನಂಥ ಪದರ ಕಟ್ಟುತ್ತದೆ. ಲಿವರ್ ಗಟ್ಟಿ ಇದ್ದೂ ಗಾಡಿ ನಿಲ್ಲದೇ ಇರೋದಕ್ಕೆ, ಕಿರುಚುವುದಕ್ಕೆ, ಎರಡಕ್ಕೂ ಇದೇ ಕಾರಣ. ಬ್ರೇಕ್ ಆಯಿಲ್‌ನಲ್ಲಿ ಗಾಳಿ ಸೇರಿದ್ದರೆ ಲಿವರ್ ಸ್ಪಂಜಿನ ಹಾಗೆ ಮೆತ್ತಗೆ ಇರುತ್ತಿತ್ತು.

ಇಷ್ಟು ಬಿಸಿ ಎಲ್ಲಿಂದ ಬಂತು ಅಂತ ಕೇಳಿದರೆ ಹುಡುಗ ಮೊದಲು ಗೊತ್ತಿಲ್ಲ ಅಂದ. ಆಮೇಲೆ ತಾನಾಗಿಯೇ ಹೇಳಿದ, ಸಿಂಹಗಡದಿಂದ ಇಳಿಯುವಾಗ ಕ್ಲಚ್ ಹಿಡಿದು, ಬರೀ ಮುಂದಿನ ಬ್ರೇಕ್ ಮೇಲೆ ಬಿಡುತ್ತಾನಂತೆ. ಪೆಟ್ರೋಲ್ ಉಳಿಯುತ್ತದೆ ಅಂತ. ಕೆಳಗೆ ಬಂದಾಗ ಸುಟ್ಟ ವಾಸನೆ ಬರುತ್ತಿತ್ತು, ಅದು ಮುಂದಿದ್ದ ಕಾರಿನದ್ದು ಅಂದುಕೊಂಡಿದ್ದ.

ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಸಿಂಹಗಡದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್. ಕೆಳಗೆ ಬಯಲಿಗೆ ಬರುವಷ್ಟರಲ್ಲಿ ಕಮ್ಮಿ ಅಂದ್ರೂ 500 ಮೀಟರ್ ಇಳಿಯುತ್ತೇವೆ. ಬೈಕು, ಇವನು, ಹಿಂದೆ ಕೂತ ಗೆಳೆಯ ಸೇರಿ 270 ಕೆ.ಜಿ. ಇದ್ದರೂ, ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ 13 ಲಕ್ಷ ಜೂಲ್. ಅಷ್ಟರಲ್ಲಿ ನಾಲ್ಕು ಲೀಟರ್ ತಣ್ಣೀರು ಕುದಿ ಬರುತ್ತದೆ. ಗೇರಿನಲ್ಲಿ ಇಳಿದರೆ ಇಂಜಿನ್ ಅದರಲ್ಲಿ ದೊಡ್ಡ ಪಾಲು ನುಂಗಿಕೊಳ್ಳುತ್ತದೆ. ಕ್ಲಚ್ ಹಿಡಿದರೆ ಗಾಳಿಗೆ ಹೋಗಿ ಉಳಿದಿದ್ದೆಲ್ಲ ಅಂಗೈ ಅಗಲವೂ ಇಲ್ಲದ ಎರಡು ಪ್ಯಾಡಿಗೆ, ಇವನ ಗಾಡಿಯಲ್ಲಿ ಒಂದು ಪ್ಯಾಡಿಗೆ. ಧಾಯರಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. ಕಾತ್ರಜ್ ಹೊಸ ಸುರಂಗದಿಂದ ನವಲೆ ಬ್ರಿಡ್ಜಿನವರೆಗಿನ ಇಳಿಜಾರಿನಲ್ಲಿ ಡೀಸೆಲ್ ಉಳಿಸೋದಕ್ಕೆ ನ್ಯೂಟ್ರಲ್‌ನಲ್ಲಿ ಬಿಟ್ಟ ಲಾರಿಗಳ ಕಥೆ ಅಲ್ಲಿ ಮನೆಮನೆಗೂ ಗೊತ್ತು. 2022ರ ನವೆಂಬರ್‌ನಲ್ಲಿ ಅಲ್ಲೇ ಒಂದು ದೊಡ್ಡ ಗಾಡಿ ಹತ್ತಾರು ವಾಹನಗಳ ಸರಣಿ ಅಪಘಾತಕ್ಕೆ ಕಾರಣವಾಗಿತ್ತು.

ಮೂರನೆಯದು ಬ್ರೇಕ್ ಆಯಿಲ್. ಹ್ಯಾಂಡಲ್ ಮೇಲಿನ ಡಬ್ಬಿಯ ಕಿಟಕಿಯಲ್ಲಿ ಕರೀ ಚಹಾದ ಬಣ್ಣ. 2019ರಿಂದ ಬದಲಿಸಿಯೇ ಇಲ್ಲ. ಈ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತಾ ಹೋಗುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ನೀರು ಹೀರಿದ ಸ್ಥಿತಿಯ ಲೆಕ್ಕ 155 ಡಿಗ್ರಿ. ಆಯಿಲ್ ಕುದಿದು ಹಬೆ ಗುಳ್ಳೆ ಎದ್ದರೆ ಲಿವರ್ ಸೀದಾ ಹ್ಯಾಂಡಲ್‌ಗೆ ಬಂದು ತಾಗುತ್ತದೆ, ಗಾಡಿ ಹೋಗುತ್ತಲೇ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತ ಮ್ಯಾನುವಲ್‌ಗಳು ಹೇಳೋದು ಸುಮ್ನೆ ಅಲ್ಲ.

ಇನ್ನು ಡಿಸ್ಕು. ಉಗುರು ಎಳೆದರೆ ತಡೆಯುವಂಥ ಆಳದ ಗೀರುಗಳಿರಲಿಲ್ಲ. ಅಲ್ಲಲ್ಲಿ ಬಿಸಿಗೆ ತಿರುಗಿದ ತೆಳು ಕಂದು ಛಾಯೆ ಇತ್ತು. ದಪ್ಪ ಅಳೆಯುವಲ್ಲಿ ಒಂದು ಸೂಕ್ಷ್ಮ ಇದೆ. ವರ್ನಿಯರ್‌ನ ದವಡೆ ಸುಮ್ನೆ ಹಾಕಿದರೆ ಡಿಸ್ಕಿನ ಹೊರ ಅಂಚಿಗೆ ಕಚ್ಚುತ್ತದೆ. ಪ್ಯಾಡು ಆ ಅಂಚನ್ನು ಮುಟ್ಟುವುದಿಲ್ಲ, ಹಾಗಾಗಿ ಅದು ಹೊಸದರ ಹಾಗೇ ಇರುತ್ತದೆ. ಅಲ್ಲಿ 4.0 ಬಂತು. ಅದನ್ನ ನಂಬಬಾರದು. ಒಂದು ರೂಪಾಯಿಯ ಎರಡು ನಾಣ್ಯ ತಗೊಂಡು, ಜೋಡಿಸಿ ಮೊದಲು ಅವುಗಳ ದಪ್ಪ ಅಳೆದುಕೊಂಡೆವು. ಆಮೇಲೆ ಡಿಸ್ಕ್ ಸವೆದ ಜಾಗದಲ್ಲಿ ಈ ಕಡೆ ಒಂದು, ಆ ಕಡೆ ಒಂದು ನಾಣ್ಯ ಇಟ್ಟು ಒಟ್ಟು ಅಳೆದು, ನಾಣ್ಯದ್ದನ್ನ ಕಳೆದೆವು. 3.8 ಬಂತು. ಡಿಸ್ಕಿನ ಮೇಲೇ ಮಿನಿಮಮ್ 3.5 ಅಂತ ಕೆತ್ತಿರುತ್ತಾರೆ. ಅಂದರೆ ಡಿಸ್ಕ್ ಇನ್ನೂ ಬಾಳುತ್ತದೆ. ಹಾಗಂತ ಅದನ್ನ ಹರಿತ ಪ್ಯಾಡಿಗೆ ಒಪ್ಪಿಸುವಷ್ಟು ದಪ್ಪವೇನೂ ಉಳಿದಿಲ್ಲ.

ಸಿಂಟರ್ಡ್ ಅಂದ್ರೆ

ಪ್ಯಾಡ್‌ಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಆರ್ಗ್ಯಾನಿಕ್‌ನಲ್ಲಿ ನಾರು, ಪುಡಿ, ಇತ್ಯಾದಿಗಳನ್ನು ರಾಳ ಹಾಕಿ ಒತ್ತಿ ಬೇಯಿಸಿರುತ್ತಾರೆ. ಅದಕ್ಕೇ ಲೋಹದ ಎಳೆಗಳು, ಪುಡಿ ಸೇರಿಸಿದರೆ ಸೆಮಿ ಮೆಟಾಲಿಕ್. ಸಿಂಟರ್ಡ್‌ನಲ್ಲಿ ರಾಳವೇ ಇಲ್ಲ. ತಾಮ್ರದಂಥ ಲೋಹಗಳ ಪುಡಿಯನ್ನು ಗ್ರಾಫೈಟ್ ಜೊತೆ ಒತ್ತಿ, ಕರಗದಷ್ಟು ಆದರೆ ಒಂದಕ್ಕೊಂದು ಬೆಸೆಯುವಷ್ಟು ಕಾಯಿಸುತ್ತಾರೆ.

ರಾಳ ಇಲ್ಲದ್ದರಿಂದ ಗ್ಲೇಜ್ ಆಗುವ ಕಾಟ ಕಮ್ಮಿ, ಬಿಸಿಯಲ್ಲೂ ಹಿಡಿತ ಬಿಡೋದಿಲ್ಲ. ನೀರು ಬಿದ್ದ ಡಿಸ್ಕಿನಲ್ಲಿ ಬೇಗ ಕಚ್ಚುತ್ತದೆ. ಸವೆಯೋದೂ ನಿಧಾನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಾಮ್ಹಿಣಿ ಘಾಟ್ ಇಳಿದು ಕೊಂಕಣಕ್ಕೆ ಓಡಾಡುವವರು ಇದನ್ನ ಹೊಗಳಿದರೆ ನಾನು ಒಪ್ಪುತ್ತೇನೆ.

ಆದರೆ ಇದು ಡಿಸ್ಕಿಗೆ ಜಾಸ್ತಿ ಕೆಲಸ ಕೊಡುತ್ತದೆ. ಆರ್ಗ್ಯಾನಿಕ್ ಪ್ಯಾಡಿನ ಲೆಕ್ಕ ಇಟ್ಟುಕೊಂಡು ಮಾಡಿದ ಡಿಸ್ಕು ಇದರ ಕೆಳಗೆ ಬೇಗ ಸವೆಯುತ್ತದೆ. ಪ್ಯಾಡಿನಲ್ಲಿ ಉಳಿಸಿದ ದುಡ್ಡು ಡಿಸ್ಕಿನಲ್ಲಿ ಹೋಗುತ್ತದೆ, ಡಿಸ್ಕಿನ ಬೆಲೆ ಪ್ಯಾಡಿನ ಎಷ್ಟೋ ಪಟ್ಟು. ಇನ್ನೊಂದು ಮಾತನ್ನ ಅಂಗಡಿಯಲ್ಲಿ ಯಾರೂ ಹೇಳೋದಿಲ್ಲ. ಲೋಹ ಬಿಸಿಯನ್ನು ಚೆನ್ನಾಗಿ ಸಾಗಿಸುತ್ತದೆ. ಡಿಸ್ಕಿನ ಬಿಸಿ ಸಿಂಟರ್ಡ್ ಪ್ಯಾಡ್ ಮೂಲಕ ಪಿಸ್ಟನ್‌ಗೆ, ಅಲ್ಲಿಂದ ಆಯಿಲ್‌ಗೆ ಸರಾಗ ಹೋಗುತ್ತದೆ. ರಾಳದ ಪ್ಯಾಡು ತಾನು ಸುಟ್ಟುಕೊಂಡು ಆಯಿಲನ್ನ ಅಷ್ಟರ ಮಟ್ಟಿಗೆ ಕಾಪಾಡುತ್ತದೆ. ಈ ಬೈಕಿನ ಚಹಾ ಬಣ್ಣದ ಆಯಿಲ್, ಜಾಮ್ ಆದ ಪಿನ್, ಕ್ಲಚ್ ಹಿಡಿದು ಇಳಿಯುವ ಚಾಳಿ, ಇವುಗಳ ಮೇಲೆ ಸಿಂಟರ್ಡ್ ಹಾಕಿದ್ದರೆ ಕಿರುಚೋದು ನಿಲ್ಲುತ್ತಿತ್ತು. ಹುಡುಗ ಖುಷಿಯಾಗುತ್ತಿದ್ದ. ಮುಂದಿನ ಭಾನುವಾರ ಗಡದ ಅರ್ಧ ದಾರಿಯಲ್ಲಿ ಲಿವರ್ ಹ್ಯಾಂಡಲ್‌ಗೆ ಬರುತ್ತಿತ್ತು.

ಇದನ್ನ ಹೇಳಿದಾಗ ಅವನು ಸುಮ್ಮನಾಗಲಿಲ್ಲ. "ಹಂಗಾರ ಪಿನ್ ಮಾಡಸೋಣು, ಆಯಿಲ್ ಹಾಕಸೋಣು. ಎಲ್ಲಾ ಸರಿ ಮಾಡಿದ ಮ್ಯಾಲ ಸಿಂಟರ್ಡ್ ಹಾಕಿದ್ರ ಏನ ತಪ್ಪು?" ಅಂದ. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಅಂಗಡಿಗೇ ಹೋಗಬೇಕಾಯಿತು.

ನಾನಾ ಪೇಠೆಯಲ್ಲಿ

ಪುಣೆಯಲ್ಲಿ ಟೂವೀಲರ್ ಸ್ಪೇರ್ಸ್ ಅಂದರೆ ನಾನಾ ಪೇಠ. ಬಜಾಜ್‌ನ ಆಕುರ್ಡಿ, ಚಾಕಣದ ಕಾರ್ಖಾನೆಗಳು, ಬ್ರೆಂಬೊದ ಬ್ರೇಕ್ ಕಾರ್ಖಾನೆ, ಎಲ್ಲ ಈ ಊರಿನ ಸುತ್ತಮುತ್ತಲೇ ಇರುವಾಗ ಪ್ಯಾಡಿಗೆ ಬರ ಇಲ್ಲ. ಬರ ಇರೋದು ಅಸಲಿ ಪ್ಯಾಡಿಗೆ.

ಅಂಗಡಿಯ ಕಾಕಾ ಮೊದಲು ಕೇಳಿದ್ದು ಕಂಪನಿ ಅಲ್ಲ, ಬಜೆಟ್ ಅಲ್ಲ. "ಸ್ಯಾಂಪಲ್ ತಂದಿದ್ದೀರಾ?" ಹಳೆ ಪ್ಯಾಡನ್ನು ಕೌಂಟರ್ ಮೇಲೆ ಇಟ್ಟೆವು. ಇದು ಒಳ್ಳೆಯ ಅಂಗಡಿಯ ಗುರುತು. ಬೈಕಿನ ಹೆಸರು ಹೇಳಿದರೆ ಸಾಲದು. 125 ಸಿಸಿ ಮೇಲಿನ ಬೈಕುಗಳಿಗೆ ಎಬಿಎಸ್ ಕಡ್ಡಾಯ ಆಗಿದ್ದು ಹೊಸ ಮಾಡೆಲ್‌ಗಳಿಗೆ 2018ರ ಏಪ್ರಿಲ್‌ನಲ್ಲಿ, ಆಗಲೇ ಮಾರಾಟದಲ್ಲಿದ್ದವಕ್ಕೆ 2019ರ ಏಪ್ರಿಲ್‌ನಲ್ಲಿ. ಆ ಹೊತ್ತಿಗೆ ಒಂದೇ ಹೆಸರಿನ ಬೈಕಿನಲ್ಲಿ ಕ್ಯಾಲಿಪರ್, ಡಿಸ್ಕ್ ಬೇರೆಯಾಗಿರುವುದುಂಟು. ಪ್ಲೇಟಿನ ಕಿವಿ ಒಂದು ಮಿಲಿಮೀಟರ್ ಆಚೀಚೆ ಇದ್ದರೂ ಪ್ಯಾಡು ಕೂರೋದಿಲ್ಲ, ಅಥವಾ ಕೂತು ಅಲ್ಲಾಡುತ್ತದೆ. ಸುತ್ತಿಗೆಯಲ್ಲಿ ತಟ್ಟಿ ಕೂರಿಸುವ ಮಹಾನುಭಾವರೂ ಇದ್ದಾರೆ.

ಕಾಕಾ ನಾಲ್ಕು ಡಬ್ಬಿ ಮುಂದಿಟ್ಟರು.

ಒಂದು, ತೀರಾ ಅಗ್ಗದ್ದು. ಡಬ್ಬಿ ಮೇಲೆ ದೊಡ್ಡ ಕಂಪನಿಯ ಅಕ್ಷರ, ಬಣ್ಣ ಎಲ್ಲ ಹೋಲುತ್ತಿತ್ತು. ಕಾಕಾ ಪ್ರಾಮಾಣಿಕರು, "ಇದು ಲೋಕಲ್ ಮಾಲು, ಕೇಳಿದವರಿಗೆ ಕೊಡ್ತೀನಿ" ಅಂದರು. ಕೈಯಲ್ಲಿ ಹಿಡಿದರೆ ಗೊತ್ತಾಗುತ್ತಿತ್ತು. ಮಸಾಲೆಯ ಅಂಚು ಉಗುರಿಗೆ ಉದುರಿತು. ಪ್ಲೇಟಿಗೂ ಮಸಾಲೆಗೂ ನಡುವೆ ಒಂದು ಮೂಲೆಯಲ್ಲಿ ಕೂದಲೆಳೆಯ ಸಂದು. ಹಿಂಭಾಗದಲ್ಲಿ ಬ್ಯಾಚ್ ನಂಬರ್ ಇಲ್ಲ, ಘರ್ಷಣೆಯ ಅಕ್ಷರ (ಅದೇನು ಅಂತ ಮುಂದೆ ಹೇಳುತ್ತೇನೆ) ಇಲ್ಲ. ಇಂಥದ್ದರಲ್ಲಿ ಮಸಾಲೆ ಪ್ಲೇಟಿನಿಂದ ಕಿತ್ತು ಬಂದರೆ ಆಮೇಲೆ ಸ್ಟೀಲಿನ ಮೇಲೆ ಸ್ಟೀಲು. ಇದರೊಳಗೆ ಶ್ವಾಸಕೋಶಕ್ಕೆ ಕೇಡಾದ ಕಲ್ನಾರು (ಆಸ್ಬೆಸ್ಟಾಸ್) ಇದೆಯೋ ಇಲ್ಲವೋ ಅನ್ನೋದನ್ನೂ ಡಬ್ಬಿ ಹೇಳೋದಿಲ್ಲ. ಹಲವು ದೇಶಗಳು ಕಲ್ನಾರನ್ನು ಪೂರ್ತಿ ನಿಲ್ಲಿಸಿವೆ, ನಮ್ಮಲ್ಲಿ ಪೂರ್ತಿ ನಿಂತಿಲ್ಲ. ಅದಕ್ಕೇ ಬ್ರೇಕ್ ಧೂಳನ್ನ ಕಂಪ್ರೆಸರ್ ಗಾಳಿಯಲ್ಲಿ ಊದಿ ತೆಗೆಯುವ ಗ್ಯಾರೇಜಿನಲ್ಲಿ ನಾನು ನಿಲ್ಲೋದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಎರಡನೆಯದು ಬೈಕ್ ಕಂಪನಿಯದೇ ಪಾರ್ಟ್ ನಂಬರ್ ಇರುವ ಪ್ಯಾಡು. ಮೂರನೆಯದು ಹೆಸರು ಮಾಡಿದ ಬೇರೆ ತಯಾರಕರ ಸೆಮಿ ಮೆಟಾಲಿಕ್. ನಾಲ್ಕನೆಯದು ಹುಡುಗನ ಕಣ್ಣು ಬಿದ್ದಿದ್ದ ಸಿಂಟರ್ಡ್, ಆಮದು ಮಾಲು, ಎರಡನೆಯದರ ನಾಲ್ಕು ಪಟ್ಟಿಗಿಂತ ಜಾಸ್ತಿ ಬೆಲೆ.

ಪ್ಲೇಟಿನ ಮೇಲೆ ಅಥವಾ ಮಸಾಲೆಯ ಅಂಚಿನಲ್ಲಿ ಎರಡು ಅಕ್ಷರ ಅಚ್ಚಾಗಿರುತ್ತದೆ: ಎಫ್‌ಎಫ್, ಜಿಜಿ, ಎಚ್‌ಎಚ್ ಹೀಗೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿ ಹಿಡಿತ ಎಷ್ಟು, ಎರಡನೆಯದು ಜಾಸ್ತಿ ಬಿಸಿಯಲ್ಲಿ ಎಷ್ಟು ಅನ್ನೋದು. ಇ ಅಂದರೆ ಘರ್ಷಣೆಯ ಗುಣಾಂಕ 0.25ರಿಂದ 0.35. ಎಫ್ 0.35ರಿಂದ 0.45. ಜಿ 0.45ರಿಂದ 0.55. ಎಚ್ 0.55ಕ್ಕಿಂತ ಮೇಲೆ. ಅಮೆರಿಕದ ಎಸ್‌ಎಇ ಸಂಸ್ಥೆಯ ಪದ್ಧತಿ ಇದು, ಈಗ ಎಲ್ಲ ಕಡೆ ನಡೆಯುತ್ತದೆ. ಇಂಗ್ಲೆಂಡಿನ ಇಬಿಸಿ ಕಂಪನಿಯ ಪ್ಯಾಡುಗಳಲ್ಲಿ ಎಫ್‌ಎ ಅಂತ ಶುರುವಾಗುವ ನಂಬರಿನ ಕೊನೆಗೆ ಎಚ್‌ಎಚ್ ಇದ್ದರೆ ಅದು ಸಿಂಟರ್ಡ್ ಅಂತ ಗುರುತಿಸೋದು ಇದರಿಂದಲೇ.

ಈ ಅಕ್ಷರಗಳನ್ನು ಪರೀಕ್ಷೆಯ ಮಾರ್ಕಿನ ಹಾಗೆ ಓದುವವರು ಜಾಸ್ತಿ. 0.44 ಬಂದ ಪ್ಯಾಡು ಎಫ್, 0.46 ಬಂದದ್ದು ಜಿ. ಓಡಿಸುವವನ ಬೆರಳಿಗೆ ಆ ವ್ಯತ್ಯಾಸ ತಿಳಿಯೋದೇ ಇಲ್ಲ. ಬಾಳಿಕೆ, ಸದ್ದು, ಮಳೆಯಲ್ಲಿ ಹೇಗೆ, ಡಿಸ್ಕಿಗೆ ಎಷ್ಟು ಪೆಟ್ಟು, ಇದು ಯಾವುದನ್ನೂ ಆ ಅಕ್ಷರ ಹೇಳೋದಿಲ್ಲ. ನಾನು ನೋಡೋದು ಎರಡೂ ಅಕ್ಷರ ಒಂದೇ ಇದೆಯಾ ಅಂತ. ಎರಡನೆಯದು ಕೆಳಗಿಳಿದಿದ್ದರೆ ಬಿಸಿಯಾದಾಗ ಅದು ಕೈಕೊಡುತ್ತದೆ. ಘಾಟ್ ಇಳಿಯುವವನಿಗೆ ಅದೇ ಮುಖ್ಯ.

ಕಂಪನಿ ಪ್ಯಾಡಿನ ಮೇಲೆ ಎಫ್‌ಎಫ್ ಇತ್ತು, ಸೆಮಿ ಮೆಟಾಲಿಕ್ ಮೇಲೆ ಜಿಜಿ.

ಈಗ ಹುಡುಗನ ಪ್ರಶ್ನೆ. ಎಲ್ಲ ಸರಿ ಮಾಡಿಸಿದ ಮೇಲೆ ಸಿಂಟರ್ಡ್ ಯಾಕೆ ಬೇಡ? ಅವನ ವಾರ ನೋಡಿದರೆ ಐದಾರು ದಿನ ಬೈಪಾಸಿನ ಟ್ರಾಫಿಕ್. ವೇಗ ಕಮ್ಮಿ, ಬ್ರೇಕ್ ಚಿಕ್ಕಚಿಕ್ಕದು, ಪ್ಯಾಡು ತಣ್ಣಗೇ ಇರುತ್ತದೆ. ತಣ್ಣಗಿದ್ದಾಗ ಆರ್ಗ್ಯಾನಿಕ್, ಸೆಮಿ ಮೆಟಾಲಿಕ್ ನಯವಾಗಿ, ಹತೋಟಿಯಲ್ಲಿ ಹಿಡಿಯುತ್ತವೆ. ಬಿಸಿಯಾಗುವುದು ವಾರಕ್ಕೊಂದು ಇಳಿತದಲ್ಲಿ, ಅದೂ ಎರಡನೇ ಗೇರಿನಲ್ಲಿ ಬಂದರೆ ಆಗದ ಬಿಸಿ. ಡಿಸ್ಕಿನಲ್ಲಿ ಉಳಿದಿರುವುದು 0.3 ಮಿ.ಮೀ. ಸಿಂಟರ್ಡ್ ಹಾಕಿ ಅದನ್ನ ಬೇಗ ಮುಗಿಸಿದರೆ ಮುಂದಿನ ಖರ್ಚು ಡಿಸ್ಕಿನದು. ಹಿಂದಿನ ಚಕ್ರಕ್ಕೆ ಎಬಿಎಸ್ ಇಲ್ಲ. ಮುಂದೆ ಮಾತ್ರ ಹಿಡಿತ ಚುರುಕಾದರೆ ಹಿಂದಿನ ಚಕ್ರದ ಮೇಲಿನ ಭಾರ ಇನ್ನೂ ಹಗುರಾಗುತ್ತದೆ, ಆಗ ಹಿಂದಿನ ಬ್ರೇಕ್ ತುಳಿದರೆ ಚಕ್ರ ಲಾಕ್ ಆಗೋದು ಸುಲಭ.

ಹಾಗಂತ ಇದು ಎಲ್ಲರಿಗೂ ಅಲ್ಲ. ಕಾರ್ಖಾನೆಯಿಂದಲೇ ಸಿಂಟರ್ಡ್ ಪ್ಯಾಡ್ ಜೊತೆ ಬಂದ ಬೈಕಿಗೆ ಅಗ್ಗ ಅಂತ ಆರ್ಗ್ಯಾನಿಕ್ ಹಾಕೋದು ಇದಕ್ಕಿಂತ ದೊಡ್ಡ ತಪ್ಪು. ಆ ಗಾಡಿಯ ತೂಕ, ವೇಗಕ್ಕೆ ರಾಳದ ಪ್ಯಾಡು ಬೇಗ ಸೋಲಬಹುದು. ಇದೇ ಹುಡುಗ ರತ್ನಾಗಿರಿಯಲ್ಲಿ ಇದ್ದು, ನಾಲ್ಕು ತಿಂಗಳು ಮಳೆಯಲ್ಲಿ ಘಾಟ್ ಹತ್ತಿಳಿಯುವ ಕೆಲಸ ಮಾಡುತ್ತಿದ್ದರೆ, ಡಿಸ್ಕ್ ಹೊಸದಿದ್ದರೆ, ನಾನೇ ಸಿಂಟರ್ಡ್ ಡಬ್ಬಿ ಎತ್ತಿ ಕೊಡುತ್ತಿದ್ದೆ.

ಉಳಿದಿದ್ದು ಎರಡನೆಯದು, ಮೂರನೆಯದು. ಮಿಸ್ತ್ರಿ ಫೋನಿನಲ್ಲಿ ಜಿಜಿ ತಗೊಳ್ಳಿ ಅಂದರು, ಇಳಿಜಾರಿಗೆ ಅದು ವಾಸಿ ಅಂತ. ನನ್ನ ಒಲವು ಕಂಪನಿ ಪ್ಯಾಡಿನ ಕಡೆಗಿತ್ತು. ಗ್ಲೇಜ್ ಆಗಿದ್ದು ಯಾವುದೋ ಗುರುತಿಲ್ಲದ ಮಾಲು, ಅದರ ಮೇಲೆ ಕಂಪನಿ ಪ್ಯಾಡನ್ನು ದೂರುವ ಹಾಗಿಲ್ಲ. ಪಿನ್ನು, ಆಯಿಲು, ಪ್ಯಾಡು ಎಲ್ಲ ಒಟ್ಟಿಗೇ ಬೇರೆ ಜಾತಿಯದ್ದಾದರೆ, ನಾಳೆ ಸದ್ದು ಬಂದಾಗ ಯಾವುದರಿಂದ ಅಂತ ಹುಡುಕೋದೂ ಕಷ್ಟ. ಕಾರ್ಖಾನೆಯ ಸ್ಥಿತಿಗೆ ತಂದು ನಿಲ್ಲಿಸೋಣ, ಅದು ಸಾಲದೇ ಹೋದರೆ ಆಮೇಲೆ ಜಿಜಿ ಇದ್ದೇ ಇದೆ. ಎರಡನೇ ಡಬ್ಬಿಯನ್ನೇ ತಗೊಂಡೆವು. ಎಂಆರ್‌ಪಿ, ತಯಾರಾದ ತಿಂಗಳು, ಪಾರ್ಟ್ ನಂಬರ್ ಇರುವ ಸ್ಟಿಕ್ಕರ್‌ನ ಫೋಟೋ ಹುಡುಗ ತೆಗೆದುಕೊಂಡ. ಅಂಗಡಿಯಿಂದ ಹೊರಗೆ ಬಂದಾಗ ಮುಖ ಸ್ವಲ್ಪ ಸಪ್ಪಗಿತ್ತು, ಸಿಂಟರ್ಡ್‌ನ ಕೆಂಪು ಡಬ್ಬಿಯ ಆಸೆ ಹೋಗಿರಲಿಲ್ಲ. ಉಳಿದ ದುಡ್ಡಿನಲ್ಲಿ ಪಿನ್ ಕಿಟ್, ರಬ್ಬರ್ ಟೋಪಿ, ಸಿಲಿಕೋನ್ ಗ್ರೀಸಿನ ಚಿಕ್ಕ ಪ್ಯಾಕೆಟ್, ಸೀಲ್ ಒಡೆಯದ ಡಾಟ್ 4 ಬಾಟಲಿ ಬಂತು. ಅರ್ಧ ಖಾಲಿಯಾಗಿ ಗ್ಯಾರೇಜಿನ ಮೂಲೆಯಲ್ಲಿ ಕೂತ ಬಾಟಲಿ ಬೇಡ, ಅದು ಆಗಲೇ ತೇವ ಕುಡಿದಿರುತ್ತದೆ.

ಕೂರಿಸಿದ್ದು

ಪಿಸ್ಟನ್ನನ್ನ ಹಿಂದಕ್ಕೆ ತಳ್ಳುವ ಮೊದಲು ಹೊರಗೆ ಕಾಣುವ ಭಾಗವನ್ನು ಬ್ರೇಕ್ ಆಯಿಲ್ ಸವರಿದ ಬಟ್ಟೆಯಲ್ಲಿ ಒರೆಸಿದೆವು. ಹಾಗೇ ತಳ್ಳಿದರೆ ಕೊಳೆ ಸೀಲಿನೊಳಗೆ ಹೋಗುತ್ತದೆ. ತಳ್ಳುವಾಗ ಮೇಲಿನ ಡಬ್ಬಿಯಲ್ಲಿ ಆಯಿಲ್ ಏರುತ್ತದೆ. ಟ್ಯಾಂಕಿನ ಮೇಲೆ ಚೆಲ್ಲಿದರೆ ಪೇಂಟು ಏಳುತ್ತದೆ, ಅದಕ್ಕೆ ಒದ್ದೆ ಬಟ್ಟೆ ಹೊದಿಸಿದೆವು. ಡಿಸ್ಕನ್ನ ಎಮರಿ ಪೇಪರಿನಲ್ಲಿ ಹಗುರಾಗಿ ಉಜ್ಜಿ, ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿದ್ದು. ಡೀಸೆಲ್ಲಿನಲ್ಲಿ ಒರೆಸುವ ಪದ್ಧತಿ ಇನ್ನೂ ಇದೆ. ಅದರ ಜಿಡ್ಡು ಹೊಸ ಪ್ಯಾಡನ್ನ ಮೊದಲ ದಿನವೇ ಹಾಳು ಮಾಡುತ್ತದೆ. ಹಳೆ ಆಯಿಲನ್ನ ಕೆಳಗಿನ ನಿಪ್ಪಲ್‌ನಿಂದ ಬಿಡುತ್ತಾ, ಮೇಲೆ ಹೊಸದು ಹಾಕುತ್ತಾ, ಡಬ್ಬಿ ಎಲ್ಲಿಯೂ ಬರಿದಾಗದ ಹಾಗೆ ನೋಡಿಕೊಂಡರು. ಬರಿದಾದರೆ ಎಬಿಎಸ್ ಒಳಗೆ ಗಾಳಿ ಹೋಗಿ, ತೆಗೆಯೋದು ತಲೆನೋವು.

ಎಲ್ಲಕ್ಕಿಂತ ಮುಖ್ಯ, ಚಕ್ರ ಕದಲಿಸುವ ಮೊದಲು ಲಿವರ್ ಗಟ್ಟಿ ಆಗುವವರೆಗೆ ಒತ್ತುತ್ತಾ ಇರಬೇಕು. ಪಿಸ್ಟನ್ ಹಿಂದೆ ಹೋಗಿರುತ್ತದೆ, ಮೊದಲ ಕೆಲವು ಒತ್ತಿಗೆ ಬ್ರೇಕೇ ಇರೋದಿಲ್ಲ. ಗ್ಯಾರೇಜಿನ ಗೇಟಿನಲ್ಲೇ ಗುದ್ದಿಕೊಂಡವರಿದ್ದಾರೆ.

ಹೊಸ ಪ್ಯಾಡು ಕೂರೋದಕ್ಕೆ ಬೆಳಗಿನ ಜಾವ ಖಡಕ್‌ವಾಸ್ಲಾ ಕಡೆಯ ರಸ್ತೆಗೆ ಕಳಿಸಿದೆ. 50ರ ವೇಗದಿಂದ 15ಕ್ಕೆ, ಪೂರ್ತಿ ನಿಲ್ಲಿಸದೆ, ಒಂದೇ ಸಮನೆ ಹಿಡಿದು ಇಳಿಸಬೇಕು. ಸ್ವಲ್ಪ ದೂರ ತಣ್ಣಗೆ ಓಡಿಸಿ ಮತ್ತೆ. ಮೂವತ್ತು ಸಲ ಆದರೂ ಹೀಗೆ ಮಾಡಬೇಕು. ಬಿಸಿ ಇದ್ದಾಗ ಬ್ರೇಕ್ ಹಿಡಿದು ನಿಂತರೆ ಪ್ಯಾಡಿನ ಅಚ್ಚು ಡಿಸ್ಕಿನ ಒಂದೇ ಜಾಗಕ್ಕೆ ಕೂತು, ಆಮೇಲೆ ಲಿವರ್‌ನಲ್ಲಿ ಮಿಡಿತ ಬರುತ್ತದೆ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಜೋರು ಬ್ರೇಕ್ ಬೇಡ ಅಂದೆ. ಆ ಭಾನುವಾರ ಗಡಕ್ಕೆ ಹೋಗಲಿಲ್ಲ ಅಂತ ಅವನು ಹೇಳಿದ, ನಂಬಿದೆ.

ಆಮೇಲೆ

ಕಿರುಚೋದು ನಿಂತಿತು. ಮಳೆಗಾಲದ ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಸಣ್ಣಗೆ ಗೊರ್ ಅನ್ನುತ್ತದೆ. ರಾತ್ರಿ ಡಿಸ್ಕಿನ ಮೇಲೆ ಕೂತ ತೇವ, ತೆಳು ತುಕ್ಕು ಅದು, ಅದಕ್ಕೆ ಮದ್ದು ಬೇಕಿಲ್ಲ. ಜೋರು ಮಳೆಯಲ್ಲಿ ಹಿಡಿತ ಒಂದು ಕ್ಷಣ ತಡ ಅಂತ ಅವನೇ ಹೇಳುತ್ತಾನೆ, ಅದು ನಿಜ. ಸಿಂಟರ್ಡ್ ಆಗಿದ್ದರೆ ಅಷ್ಟು ತಡ ಇರುತ್ತಿರಲಿಲ್ಲ. ನೀರಿನಲ್ಲಿ ಹೋಗುವಾಗ ಆಗಾಗ ಲಿವರ್ ಹಗುರಾಗಿ ಮುಟ್ಟಿ ಡಿಸ್ಕ್ ಒಣಗಿಸಿಕೊಳ್ಳುವ ರೂಢಿ ಮಾಡಿಕೊಂಡಿದ್ದಾನೆ.

ಸಿಂಹಗಡ ಈಗ ಎರಡನೇ ಗೇರಿನಲ್ಲಿ ಇಳಿಯುತ್ತಾನೆ. ಪೆಟ್ರೋಲ್ ಲೆಕ್ಕವನ್ನೂ ಹೇಳಿದೆ: ಇಂಜೆಕ್ಷನ್ ಇರುವ ಬೈಕಿನಲ್ಲಿ ಗೇರ್ ಹಾಕಿ ಥ್ರಾಟಲ್ ಪೂರ್ತಿ ಬಿಟ್ಟು ಇಳಿದರೆ ಇಂಜಿನ್ನಿಗೆ ಇಂಧನ ಹೋಗೋದೇ ನಿಲ್ಲುತ್ತದೆ, ಕ್ಲಚ್ ಹಿಡಿದರೆ ಐಡ್ಲಿಂಗಿಗೆ ಕುಡಿಯುತ್ತಲೇ ಇರುತ್ತದೆ. ಬ್ರೇಕಿನ ಬಗ್ಗೆ ಹೇಳಿದ ಎಲ್ಲ ಮಾತಿಗಿಂತ ಇದೇ ಅವನಿಗೆ ನಾಟಿತು ಅನ್ನಿಸುತ್ತದೆ.

ನಾಲ್ಕು ಸಾವಿರ ಕಿಲೋಮೀಟರ್ ಆದ ಮೇಲೆ ಟೈರ್ ಬದಲಿಸೋದಕ್ಕೆ ಚಕ್ರ ಬಿಚ್ಚಿದಾಗ ಪ್ಯಾಡನ್ನೂ ಅಳೆದೆವು. ಪಿಸ್ಟನ್ ಕಡೆ 3.4, ಹೊರಗೆ 3.5. ಎರಡೂ ಮಂಕಾಗಿ, ಒರಟಾಗಿ ಇದ್ದವು. ಪಿನ್ನುಗಳು ಬೆರಳಲ್ಲೇ ಜಾರುತ್ತಿದ್ದವು. ಡಿಸ್ಕ್ 3.8ರಲ್ಲೇ ಇದೆ.

ಹಿಂದಿನ ಚಕ್ರದ ಪ್ಯಾಡು 1.9ಕ್ಕೆ ಬಂದಿದೆ, ಎರಡು ಬದಿಯೂ ಸಮ. ದೀಪಾವಳಿಗೆ ಊರಿಗೆ ಹೋಗುವ ಮುಂಚೆ ಅದನ್ನ ಬದಲಿಸಬೇಕು, ಅಷ್ಟೊತ್ತಿಗೆ ಅಥಣಿ ಕಡೆ ಕಬ್ಬಿನ ಟ್ರೇಲರ್‌ಗಳು ರಸ್ತೆಗೆ ಇಳಿದಿರುತ್ತವೆ. ಅದಕ್ಕೂ ಕಂಪನಿ ಪ್ಯಾಡೇ ಸಾಕು. ಸ್ಯಾಂಪಲ್ ತೆಗೆದು ಕೊಡಿ ಅಂತ ಮಿಸ್ತ್ರಿಗೆ ಹೇಳಿಯಾಗಿದೆ.